ಇಷ್ಟದ ಹಿಂದೆ ಹೋಗುವ ಮುನ್ನ ಚೆಂಡು ಪುಟಿಸಿ ನೋಡಿ

ಮುಂಬಯಿಯ ಡೊಂಬಿವಲಿ, ಥಾಣೆ, ಮುಲುಂಡ್ ಕಡೆಯ ಕನ್ನಡದ ಮನೆಗಳಲ್ಲಿ ಹತ್ತನೆಯ ಫಲಿತಾಂಶ ಬಂತೆಂದರೆ ಎರಡು ಪಕ್ಷ. ಅಪ್ಪ ಅಮ್ಮ ಸೈನ್ಸ್ ಇಲ್ಲವೇ ಸಿಎ ಎನ್ನುತ್ತಾರೆ, ಮಗ ಆನಿಮೇಶನ್ ಎನ್ನುತ್ತಾನೆ. ಆಪ್ತಸಲಹೆಗೆ ಬರುವಾಗ ಎರಡೂ ಕಡೆಯವರಿಗೆ ಬೇಕಾದ್ದು ತೀರ್ಪು. ಅದಕ್ಕೆ ಮೊದಲು ಗೊತ್ತಾಗಬೇಕಾದ್ದು, ಈ ಇಷ್ಟ ನೋಡುವುದರಲ್ಲಿದೆಯೋ ಮಾಡುವುದರಲ್ಲಿದೆಯೋ ಎಂಬುದು.

ಆನಿಮೇಶನ್ನನ್ನೇ ತೆಗೆದುಕೊಳ್ಳಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಕೈಯಲ್ಲಿ ಬರೆಯುವವರು ಒಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಹುಡುಗನಿಗೆ ಕಂಪ್ಯೂಟರಿನಲ್ಲಿ ಕ್ರಿಟಾ ಅಥವಾ ಬ್ಲೆಂಡರ್ ಎಂಬ ಆನಿಮೇಶನ್ ಸಾಫ್ಟ್‌ವೇರ್ ಹಾಕಿಕೊಡಿ, ಎರಡಕ್ಕೂ ದುಡ್ಡಿಲ್ಲ. ಮೊದಲ ವಾರ ಒಂದು ಚೆಂಡು ನೆಲಕ್ಕೆ ಬಿದ್ದು ಪುಟಿಯಲಿ. ಚೆಂಡು ಮೇಲಿರುವಾಗ ಚಿತ್ರಗಳು ಹತ್ತಿರ ಹತ್ತಿರ, ನೆಲದ ಸಮೀಪ ದೂರ ದೂರ ಇರಬೇಕು; ಅಂತರ ಒಂದೇ ಸಮ ಇಟ್ಟರೆ ಚೆಂಡಿಗೆ ತೂಕವೇ ಇಲ್ಲದಂತೆ ಕಾಣುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಎರಡನೆಯ ವಾರ ಮನುಷ್ಯನೊಬ್ಬ ನಡೆಯಲಿ. ಕೆಲಸ ಬಲ್ಲವರೊಬ್ಬರು ತಪ್ಪು ತೋರಿಸಲಿ, ಹುಡುಗ ತಿದ್ದಲಿ, ಮತ್ತೆ ತೋರಿಸಲಿ. ಚಿತ್ರ ಚೆಂದ ಬಂತೋ ಇಲ್ಲವೋ ಈಗ ಮುಖ್ಯವಲ್ಲ. ಮೂರನೆಯ ಸಲ ತಿದ್ದು ಎಂದಾಗ ಮುಖ ಸಪ್ಪಗಾಗುತ್ತದೆಯೇ, ಅಥವಾ ಊಟಕ್ಕೆ ಕರೆದರೂ ಏಳುವುದಿಲ್ಲವೇ, ಅದನ್ನು ನೋಡಿ. ಲಕ್ಷಗಟ್ಟಲೆ ಫೀಸು ಕಟ್ಟಿದ ಮೇಲೆ ತಿಳಿಯುವ ಸಂಗತಿ ಇಲ್ಲಿ ಹದಿನೈದು ದಿನದಲ್ಲಿ ತಿಳಿಯುತ್ತದೆ.

ಅಡುಗೆ ಇಷ್ಟ, ಹೋಟೆಲ್ ಮ್ಯಾನೇಜ್‌ಮೆಂಟ್ ಮಾಡುತ್ತೇನೆ ಎನ್ನುವವರಿಗೂ ಇದೇ ಮಾತು. ಇದರಲ್ಲಂತೂ ನಮ್ಮವರಿಗೆ ಅನುಕೂಲ ಜಾಸ್ತಿ. ಹೋಟೆಲ್ ನಡೆಸುವ ಮಾವನೊಬ್ಬ ಎಲ್ಲ ನೆಂಟಸ್ತಿಕೆಯಲ್ಲೂ ಸಿಗುತ್ತಾನೆ. ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಜನ ಕಾಯುತ್ತಿರುವ ಹೊತ್ತಿಗೆ ಅಡುಗೆಮನೆಯಲ್ಲಿ ಹತ್ತು ಕಿಲೋ ಈರುಳ್ಳಿ ಹೆಚ್ಚಲು ನಿಲ್ಲಿಸಲಿ. ಒಂದು ಭಾನುವಾರ ಸಾಲದು, ನಾಲ್ಕಾದರೂ ಬೇಕು.

ಇಷ್ಟ ಎಲ್ಲೋ ಅಡಗಿದೆ, ಹುಡುಕಿದರೆ ಸಿಗುತ್ತದೆ ಎಂಬ ನಂಬಿಕೆಯೇ ಎಷ್ಟೋ ಮಕ್ಕಳಿಗೆ ತೊಡಕು. ಮನಶ್ಶಾಸ್ತ್ರಜ್ಞರಾದ ಪಾಲ್ ಓಕೀಫ್, ಕ್ಯಾರೊಲ್ ಡ್ವೆಕ್, ಗ್ರೆಗರಿ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸಕ್ತಿ ಹುಟ್ಟಿನಿಂದಲೇ ಬಂದದ್ದು ಎಂದುಕೊಂಡವರು ವಿಷಯ ಕಠಿಣವಾದೊಡನೆ ಬೇಗ ಆಸೆ ಬಿಟ್ಟಿದ್ದರು. ಅಕೌಂಟ್ಸ್ ಬೋರು ಎನ್ನುವ ಹುಡುಗಿಗೆ ಬ್ಯಾಲೆನ್ಸ್ ಶೀಟ್ ತಾಳೆಯಾಗತೊಡಗಿದ ಮೇಲೆ ರುಚಿ ಹತ್ತುವುದುಂಟು. ಹತ್ತದೆ ಇರುವುದೂ ಉಂಟು, ಆಗ ಎಳೆದಾಡಬಾರದು.

ಇಷ್ಟದ ಕೆಲಸಕ್ಕೆ ದುಡ್ಡು ಸೇರಿದಾಗ ಆಗುವುದು ಇನ್ನೊಂದು ಕಥೆ. 1973ರ ಅಮೆರಿಕದ ಒಂದು ಪ್ರಯೋಗದಲ್ಲಿ, ಚಿತ್ರ ಬರೆಯುವುದು ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳಿಗೆ ಬರೆದರೆ ಪ್ರಮಾಣಪತ್ರ ಕೊಡುತ್ತೇವೆ ಎಂದರು. ಆಮೇಲೆ ತಮ್ಮ ಪಾಡಿಗೆ ಬಿಟ್ಟಾಗ ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬರೆದರು. ಎಳೆಯ ಮಕ್ಕಳ ಪ್ರಯೋಗವನ್ನು ದೊಡ್ಡವರ ನೌಕರಿಗೆ ಹಾಗೆಯೇ ಹಚ್ಚಬಾರದು, ನಿಜ. ಆದರೂ ಮುಂಬಯಿಯ ಯಕ್ಷಗಾನ ಹವ್ಯಾಸಿಗಳನ್ನು ನೋಡಿ. ವಾರವಿಡೀ ಬ್ಯಾಂಕು, ಹೋಟೆಲು, ಕಚೇರಿ, ಶನಿವಾರ ಗೆಜ್ಜೆ. ಅದರಿಂದ ಅವರ ಕುಣಿತಕ್ಕೇನೂ ಕಮ್ಮಿಯಾಗಿಲ್ಲ. ಎಲ್ಲ ಒಲವೂ ಸಂಬಳ ತರಲೇಬೇಕೆಂಬ ಹಟ ಯಾಕೋ!

ಆಸಕ್ತಿ ಪರೀಕ್ಷೆಗಳಲ್ಲಿ ಹೆಚ್ಚಿನವು ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಮಾಡಿದ, ಒಲವುಗಳ ಆರು ಬಗೆಗಳ ವಿಂಗಡಣೆಯ ಮೇಲೆ ನಿಂತಿವೆ. ಅವು ಒಲವನ್ನು ಅಳೆಯುತ್ತವೆ, ಸಾಮರ್ಥ್ಯವನ್ನಲ್ಲ. ಅಮ್ಮ ಪಕ್ಕದಲ್ಲಿ ಕೂತಿದ್ದರೆ ಉತ್ತರ ಅಮ್ಮನದೇ. ಆರೂ ಅಂಕ ಹೆಚ್ಚುಕಡಿಮೆ ಒಂದೇ ಬಂದರೆ, ಆ ಮಗು ಇನ್ನೂ ಹೆಚ್ಚೇನೂ ಮಾಡಿ ನೋಡಿಲ್ಲ ಎಂದುಕೊಳ್ಳುವುದೇ ವಾಸಿ.

ಹನ್ನೊಂದರಲ್ಲಿ ಗಣಿತ ಬಿಡುವ ಮುಂಚೆ ಒಂದು ಲೆಕ್ಕ ಹಾಕಿ. ಚಿತ್ರಕಲೆಯ ಪದವಿ ಬಿಎಫ್‌ಎಗೆ ಯಾವ ವಿಭಾಗದಿಂದಲೂ ಹೋಗಬಹುದು. ಗಣಿತವಿಲ್ಲದೆ ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಬಹುತೇಕ ಮುಚ್ಚಿದಂತೆ. ಮನಸ್ಸು ಇನ್ನೂ ಎರಡಾಗಿದ್ದು ಗಣಿತವೂ ತಕ್ಕಮಟ್ಟಿಗೆ ಬರುತ್ತಿದ್ದರೆ ಇಟ್ಟುಕೊಳ್ಳಲಿ. ಫೇಲಾಗುವ ಭಯದಲ್ಲೇ ಎರಡು ವರ್ಷ ಕಳೆಯುವಂತಿದ್ದರೆ ಬೇಡ.

ಮಕ್ಕಳನ್ನು ಪಿಯುಸಿಗೆಂದು ಮೂಡುಬಿದಿರೆಯ ಹಾಸ್ಟೆಲಿಗೆ ಕಳಿಸುವವರು ಇನ್ನೊಂದನ್ನು ಮರೆಯುತ್ತಾರೆ. ಹತ್ತು, ಹನ್ನೆರಡು ಎರಡನ್ನೂ ಮಹಾರಾಷ್ಟ್ರದಲ್ಲಿ ಮುಗಿಸದಿದ್ದರೆ ಇಲ್ಲಿಯ ವೈದ್ಯಕೀಯ ಸೀಟಿನ ರಾಜ್ಯ ಕೋಟಾ ಸಾಮಾನ್ಯವಾಗಿ ಕೈತಪ್ಪುತ್ತದೆ. ಎಂಜಿನಿಯರಿಂಗ್‌ನಲ್ಲಿ ವಿದ್ಯಾರ್ಥಿಯದೋ ಅಪ್ಪ ಅಮ್ಮನದೋ ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರ, ತೋರಿಸಿ ಬಚಾವಾಗಬಹುದು. ಅದಕ್ಕೆ 15 ವರ್ಷದ ವಾಸದ ದಾಖಲೆ ಬೇಕು: ರೇಷನ್ ಕಾರ್ಡು, ಲೈಟ್ ಬಿಲ್ಲು, ಶಾಲೆ ಬಿಟ್ಟ ಪ್ರಮಾಣಪತ್ರ (ಎಲ್‌ಸಿ). ಜೂನ್‌ನಲ್ಲಿ, ಇಂಥ ಸರ್ಕಾರಿ ಪ್ರಮಾಣಪತ್ರಗಳಿಗೆ ಅರ್ಜಿ ಹಾಕುವ ಸೇತು ಕೇಂದ್ರದ ಸಾಲು ಬೆಳೆಯುವ ಮೊದಲೇ ಅರ್ಜಿ ಹಾಕಿಡಿ.