ಮುಂದಿನ ಚಕ್ರ ಕಾದರೆ ಬಿಸಿಲನ್ನು ದೂರಬೇಡಿ

ಪ್ರಶ್ನೆ: ನಮ್ಮದು ಹಳೆಯ ಮಾರುತಿ 800. ಸಿರುಗುಪ್ಪದಿಂದ ಬಳ್ಳಾರಿಗೆ ಬಂದು ನಿಲ್ಲಿಸಿದರೆ ಮುಂದಿನ ಎಡ ಚಕ್ರದ ಹತ್ತಿರ ಕೈ ಇಡಲಾಗುವುದಿಲ್ಲ, ಸುಟ್ಟ ವಾಸನೆ ಬೇರೆ. ಒಮ್ಮೆ ಹಬ್ ಬೇರಿಂಗ್ (ಚಕ್ರದ ನಡುವೆ ಇದ್ದು ಅದು ಸಲೀಸಾಗಿ ತಿರುಗುವಂತೆ ಮಾಡುವ ಭಾಗ) ಬದಲಿಸಿದ್ದಾಯಿತು. ನಮ್ಮ ಕಡೆಯ ಬಿಸಿಲಿಗೆ ಇದು ಸಹಜವೇ?

ಸಹಜವಲ್ಲ. ಇದು ಬ್ರೇಕ್ ಬಿಡದೆ ಅಂಟಿಕೊಂಡಿರುವ ಲಕ್ಷಣ. ಯುಗಾದಿ ಕಳೆಯಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಸಲವೂ ಕೊನೆಗೆ ಬಿಸಿಲಿನ ಮಾತು ಇದ್ದೇ ಇರುತ್ತದೆ. ಹಾಗಾಗಿ ಮೊದಲು ಬಿಸಿಲಿನ ಲೆಕ್ಕವನ್ನೇ ಮುಗಿಸೋಣ.

ಬಿಸಿಲು ಎಡ ಚಕ್ರವೊಂದನ್ನೇ ಹುಡುಕಿಕೊಂಡು ಬರುವುದಿಲ್ಲ. ಅದರಿಂದಲೇ ಕಾಯುವುದಾದರೆ ನಾಲ್ಕೂ ಚಕ್ರ ಕಾಯಬೇಕಿತ್ತು. ನೀವು ಹೇಳುತ್ತಿರುವುದು ಮುಂದಿನ ಎಡ ಚಕ್ರವೊಂದರ ಮಾತು. ಅಲ್ಲದೆ ಬ್ರೇಕಿನ ಡಿಸ್ಕ್, ಅಂದರೆ ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆ, ಇರುವುದು ಚಕ್ರದ ಒಳಗೆ, ಮಡ್‌ಗಾರ್ಡಿನ ನೆರಳಿನಲ್ಲಿ. ಓಡುವಾಗ ಗಾಳಿಯೂ ಬಡಿಯುತ್ತದೆ. ಬಿಸಿಲಿಗೆ ಬಾನೆಟ್ ಸುಡುತ್ತದೆ, ನಿಜ. ಆದರೆ ಬಾನೆಟ್ಟಿನಿಂದ ಎಂದಾದರೂ ಸುಟ್ಟ ವಾಸನೆ ಬಂದಿದೆಯೇ?

ಡಿಸೆಂಬರಿನ 25 ಡಿಗ್ರಿಗೂ ಮೇ ತಿಂಗಳ 42 ಡಿಗ್ರಿಗೂ ಅಂತರ 17 ಡಿಗ್ರಿ ಮಾತ್ರ. ಬ್ರೇಕ್ ಒತ್ತಿದಾಗ ಡಿಸ್ಕನ್ನು ಎರಡೂ ಬದಿಯಿಂದ ಅಮುಕುವುದು ಪ್ಯಾಡ್. ಅದು ಬಿಡದೆ ಉಜ್ಜಿದರೆ ಡಿಸ್ಕನ್ನು 200 ಡಿಗ್ರಿ ದಾಟಿಸಬಲ್ಲದು. ನಾಲ್ವರು ಕುಳಿತ ಕಾರಿನ ತೂಕ 900 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಅದನ್ನು ಒಂದು ಸಲ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 125 ಕಿಲೋಜೌಲ್. ಬೇಸಿಗೆಯ ನಲ್ಲಿಯಲ್ಲಿ ಬರುವ 40 ಡಿಗ್ರಿಯ ಅರ್ಧ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಒಂದೇ ಬ್ರೇಕಿಗೆ ಇಷ್ಟು ಶಾಖವಾದರೆ, ದಾರಿಯುದ್ದಕ್ಕೂ ಅಂಟಿಕೊಂಡೇ ಬಂದ ಪ್ಯಾಡಿನಿಂದ ಎಷ್ಟಾಗಬೇಕು? ಇದೇ ಕಾರು ಸಂಕ್ರಾಂತಿಯ ಬೆಳಗಿನ ಚಳಿಯಲ್ಲೂ ಕಾಯುತ್ತದೆ. ಆಗ ಯಾರೂ ಕೈ ಇಟ್ಟು ನೋಡಿರುವುದಿಲ್ಲ, ಅಷ್ಟೇ.

ಈಗ ಪರೀಕ್ಷೆ. ಸಮತಟ್ಟಾದ ರಸ್ತೆಯಲ್ಲಿ ಎಂಟು ಹತ್ತು ಕಿಲೋಮೀಟರ್ ಓಡಿಸಿ. ಬ್ರೇಕನ್ನು ಆದಷ್ಟು ಒತ್ತದೆ, ಗೇರ್ ಇಳಿಸುತ್ತಾ ತಾನಾಗಿ ನಿಲ್ಲಲು ಬಿಡಿ. ಅಂಗೈಯ ಹಿಂಭಾಗವನ್ನು ಎರಡೂ ಮುಂದಿನ ಚಕ್ರಗಳ ಹತ್ತಿರ ಹಿಡಿದು ಹೋಲಿಸಿ; ಮುಟ್ಟಬೇಡಿ. ಎರಡೂ ಒಂದೇ ಸಮ ಬೆಚ್ಚಗಿದ್ದರೆ ಚಿಂತೆಯಿಲ್ಲ. ಎರಡೂ ಸುಡುತ್ತಿದ್ದರೆ ದೋಷ ಬಹುಮಟ್ಟಿಗೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳ ಕಡೆ ತಳ್ಳುವ ಭಾಗ) ಕಡೆ, ಇಲ್ಲವೇ ಪೆಡಲ್ ಪೂರ್ತಿ ಮೇಲೆ ಬರುತ್ತಿಲ್ಲ. ಒಂದೇ ಸುಡುತ್ತಿದ್ದರೆ ದೋಷ ಆ ಚಕ್ರದಲ್ಲೇ ಇದೆ.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಕಾದ ಚಕ್ರವನ್ನು ಜಾಕ್ ಏರಿಸಿ ಕೈಯಿಂದ ತಿರುಗಿಸಿ. ಚಕ್ರಕ್ಕೆ ಎಂಜಿನ್ನಿನ ಬಲ ತರುವ ಡ್ರೈವ್ ಶಾಫ್ಟ್ ಜೊತೆಗೇ ತಿರುಗುವುದರಿಂದ ತುಸು ಬಿಗಿ ಇರುತ್ತದೆ, ಅದು ಲೆಕ್ಕಕ್ಕಿಲ್ಲ. ತಿರುಗಲು ಒಪ್ಪದಿದ್ದರೆ ಮೆಕ್ಯಾನಿಕ್‌ಗೆ ಹೇಳಿ ಕ್ಯಾಲಿಪರಿನ (ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗ) ಬ್ಲೀಡರ್ ನಿಪ್ಪಲ್, ಅಂದರೆ ಎಣ್ಣೆ ಹೊರಬಿಡುವ ಸಣ್ಣ ತಿರುಪು, ಸ್ವಲ್ಪ ಸಡಿಲಿಸಿ ನೋಡಿ. ಎಣ್ಣೆ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಎಂದರ್ಥ. ಒಂದೇ ಚಕ್ರವಾದರೆ ಹೆಚ್ಚಾಗಿ ಕ್ಯಾಲಿಪರಿಗೆ ಎಣ್ಣೆ ತರುವ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡಿರುತ್ತದೆ. ಪೆಡಲ್ ಒತ್ತಿದ ಬಲಕ್ಕೆ ಎಣ್ಣೆ ಹೋಗುತ್ತದೆ, ವಾಪಸು ಬರಲು ದಾರಿ ಸಾಲದು. ಹೊರಗಿನಿಂದ ಹೋಸ್ ಚೆನ್ನಾಗಿಯೇ ಕಾಣುವುದರಿಂದ ಹೆಚ್ಚಿನವರು ಇಲ್ಲೇ ಮೋಸ ಹೋಗುತ್ತಾರೆ.

ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡದಿದ್ದರೆ ಕ್ಯಾಲಿಪರ್ ಬಿಚ್ಚಬೇಕು. ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಭತ್ತದ ಸೀಮೆಯಲ್ಲಿ ಓಡಾಡುವ ಕಾರುಗಳಲ್ಲಿ ಇದನ್ನು ತಪ್ಪದೆ ನೋಡಿ. ಕಾಲುವೆ ಬದಿಯ ಎರೆಮಣ್ಣು ಕೆಸರಾಗಿ ಹತ್ತಿ, ಒಣಗಿ ಇಟ್ಟಿಗೆಯಾಗುತ್ತದೆ. ಹರಿದ ರಬ್ಬರ್ ಬೂಟಿನಿಂದ (ಧೂಳು ತಡೆಯುವ ಮುಚ್ಚಿಗೆ) ಸ್ಲೈಡ್ ಪಿನ್ (ಕ್ಯಾಲಿಪರ್ ಹಿಂದೆ ಮುಂದೆ ಜಾರಲು ಇರುವ ಸರಳು) ಎಳೆದರೆ ಗ್ರೀಸಿನ ಜಾಗದಲ್ಲಿ ಹಳೆಯ ಬೆಲ್ಲದ ಪಾಕದಂಥ ಕಂದು ಗಟ್ಟಿ ಅಂಟು, ಅದರ ಕೆಳಗೆ ತುಕ್ಕು. ಪಿನ್ ಜಾರದೆ ಹೋದರೆ ಕ್ಯಾಲಿಪರ್ ಹಿಂದೆ ಸರಿಯುವುದಿಲ್ಲ. ಒಂದು ಪ್ಯಾಡ್ ತಗಡಿನವರೆಗೆ ಸವೆದು ಜೊತೆಯದು ದಪ್ಪಗೇ ಉಳಿದಿದ್ದರೆ ಈ ದೋಷವನ್ನೇ ಮೊದಲು ಶಂಕಿಸಿ.

ಇನ್ನು ನೀವು ಬದಲಿಸಿದ ಬೇರಿಂಗ್. ಡಿಸ್ಕಿನ ಶಾಖ ನೇರ ಹಬ್‌ಗೆ ಇಳಿಯುತ್ತದೆ, ಗ್ರೀಸ್ ತೆಳುವಾಗಿ ಹರಿದುಹೋಗುತ್ತದೆ, ಬೇರಿಂಗ್ ಒಣಗಿ ಗುಂಯ್‌ಗುಡುತ್ತದೆ. ಬೆಂಕಿಯನ್ನು ಹಾಗೇ ಉಳಿಸಿ ಬೇರಿಂಗ್ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಬೇರಿಂಗೇ ಮೂಲ ದೋಷವಾದರೆ ಲಕ್ಷಣ ಬೇರೆ: ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಲಟಲಟ ಆಟ, ತಿರುವಿನಲ್ಲಿ ಬದಲಾಗುವ ಸದ್ದು, ಡಿಸ್ಕಿಗಿಂತ ಹಬ್ಬಿನ ನಡುವೆ ಹೆಚ್ಚು ಬಿಸಿ. ಕಾದ ಚಕ್ರಕ್ಕೆ ಮಾತ್ರ ನೀರು ಎರಚಬೇಡಿ, ಡಿಸ್ಕ್ ಸೊಟ್ಟಗಾಗಿ ಪೆಡಲ್ ನಡುಗತೊಡಗುತ್ತದೆ.

ನೀವು ಕೇಳದಿದ್ದರೂ ಬ್ರೇಕ್ ಆಯಿಲ್ ಬಗ್ಗೆ ಹೇಳಲೇಬೇಕು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕೆಂಬುದು ಮಾನದಂಡ. ನೀರು ಕುಡಿದ ಎಣ್ಣೆಗೆ ಅದು 140ಕ್ಕೆ ಇಳಿಯುತ್ತದೆ. ಅಂಟಿದ ಪ್ಯಾಡಿನ ಶಾಖಕ್ಕೆ ಅದು ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದೇ ನೀರು ಪ್ಯಾಡನ್ನು ತಳ್ಳುವ ಪಿಸ್ಟನ್ನಿಗೆ ತುಕ್ಕನ್ನೂ ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ಎಣ್ಣೆ ಕಡಿಮೆಯಾಯಿತೆಂದು ಎಂಜಿನ್ ಆಯಿಲ್ ಸುರಿದವರನ್ನೂ ನೋಡಿದ್ದೇನೆ. ಬ್ರೇಕಿನ ರಬ್ಬರ್ ಸೀಲುಗಳು ಅದಕ್ಕೆ ಉಬ್ಬಿ, ಪಿಸ್ಟನ್ ಹಿಂದೆ ಸರಿಯದೆ, ಚಕ್ರ ಮತ್ತೆ ಕಾಯುತ್ತದೆ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆಯಿರಿ. ಅದರ ಒಳಗಿನ ರಬ್ಬರ್ ಉಬ್ಬಿ ಸೊಟ್ಟಗಾಗಿದ್ದರೆ ಎಣ್ಣೆ ಬದಲಿಸಿದರೆ ಸಾಲದು. ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರಿನವರೆಗೆ ರಬ್ಬರ್ ಇರುವ ಪ್ರತಿ ಭಾಗವನ್ನೂ ಬದಲಿಸಿ, ಪೈಪುಗಳನ್ನು ತೊಳೆಸಬೇಕು.