ಉಳುವವನ ಹೆಸರು ದಾಖಲೆಯಲ್ಲಿರಲಿಲ್ಲ: ಪ್ಯಾಲೆಸ್ಟೀನ್ ಭೂವಿವಾದದ ಟಿಪ್ಪಣಿ

ಯಹೂದಿ–ಅರಬ್ ಸಂಘರ್ಷವನ್ನು ಓದಲು ಕೂತವರಲ್ಲಿ ಹೆಚ್ಚಿನವರು ಅಬ್ರಹಾಮನ ಕಾಲದಿಂದ ಹೊರಟು, 1948 ತಲುಪುವಷ್ಟರಲ್ಲಿ ದಣಿದಿರುತ್ತಾರೆ. ಇಸವಿಗಳು ಬಾಯಿಪಾಠವಾಗಿರುತ್ತವೆ, ಜಗಳದ ಬೇರು ಮಾತ್ರ ಸಿಕ್ಕಿರುವುದಿಲ್ಲ. ನನಗೆ ಅದು ಸಿಕ್ಕಿದ್ದು ಜಮೀನಿನ ದಾಖಲೆಯಲ್ಲಿ. ಆದ್ದರಿಂದ ಈ ಟಿಪ್ಪಣಿ ಅಲ್ಲಿಂದಲೇ ಆರಂಭವಾಗುತ್ತದೆ.

ಪ್ಯಾಲೆಸ್ಟೀನ್ ಒಟ್ಟೋಮನ್ ತುರ್ಕರ ಆಳ್ವಿಕೆಯಲ್ಲಿದ್ದಾಗ, 1858ರಲ್ಲಿ, ಹೊಸ ಭೂ ಕಾನೂನು ಬಂತು. ಜಮೀನನ್ನು ಹೆಸರು ಹೇಳಿ ನೋಂದಾಯಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಅರಬ್ ರೈತನಿಗೆ, ಅಂದರೆ ಫಲ್ಲಾಹ್‌ಗೆ, ನೋಂದಣಿ ಎಂದರೆ ಎರಡು ಭಯ: ಕಂದಾಯ ಏರುತ್ತದೆ, ಮನೆಯ ಗಂಡುಮಕ್ಕಳನ್ನು ಸೈನ್ಯಕ್ಕೆ ಎಳೆದೊಯ್ಯುತ್ತಾರೆ. ಅಲ್ಲದೆ ಎಷ್ಟೋ ಹಳ್ಳಿಗಳಲ್ಲಿ ಹೊಲ ಒಬ್ಬೊಬ್ಬರದಾಗಿರದೆ ಇಡೀ ಊರಿನದಾಗಿತ್ತು. ಆಗಾಗ ಪಾಲು ಬದಲಿಸಿಕೊಂಡು ಉಳುವ ಈ ಪದ್ಧತಿಯನ್ನು ಮುಶಾ ಎನ್ನುತ್ತಿದ್ದರು. ಹೀಗೆ ರೈತ ಹಿಂಜರಿದಲ್ಲೆಲ್ಲ ಊರಿನ ಮುಖಂಡರ, ಪೇಟೆಯ ಸಾಹುಕಾರರ ಹೆಸರು ದಾಖಲೆಗೆ ಏರಿತು. ತಲೆಮಾರುಗಳಿಂದ ಉತ್ತವನು ಕಾಗದದ ಮೇಲೆ ಗೇಣಿದಾರನಾದ.

ಇದಕ್ಕೆ ಬಹಳ ಸ್ಪಷ್ಟ ಉದಾಹರಣೆ ಮರ್ಜ್ ಇಬ್ನ್ ಆಮಿರ್ ಬಯಲು. ಯಹೂದಿಗಳ ಬಾಯಲ್ಲಿ ಅದು ಯೆಜ್ರೇಲ್ ಕಣಿವೆ. 1870ರ ದಶಕದಲ್ಲಿ ಇಲ್ಲಿನ ಹಳ್ಳಿಗೆ ಹಳ್ಳಿಯೇ ಬೈರೂತ್‌ನ ಸುರ್ಸೊಕ್ ಎಂಬ ವರ್ತಕ ಕುಟುಂಬದ ಕೈಸೇರಿತು. ಧಣಿ ದೂರದ ನಗರದಲ್ಲಿದ್ದ, ಗೇಣಿ ತಲುಪುತ್ತಿತ್ತು, ರೈತ ಉಳುತ್ತಲೇ ಇದ್ದ. 1921ರಿಂದ 1925ರವರೆಗೆ ಈ ಕುಟುಂಬ ಮತ್ತು ಅದರ ಪಾಲುದಾರರು ಎರಡು ಲಕ್ಷ ದುನಮ್‌ಗೂ ಹೆಚ್ಚು ಭೂಮಿಯನ್ನು ಯಹೂದಿ ಸಂಸ್ಥೆಗಳಿಗೆ ಮಾರಿದರು. ಒಂದು ದುನಮ್ ಎಂದರೆ ಸಾವಿರ ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆಗೆ ತುಸು ಕಡಿಮೆ. ಅಂದರೆ ಸುಮಾರು ಐವತ್ತು ಸಾವಿರ ಎಕರೆ.

ಧಣಿ ಬದಲಾದರೆ ಗೇಣಿದಾರನಿಗೇನು ಎಂದು ಕೇಳಬಹುದು. ಹಿಂದೆಲ್ಲ ಏನೂ ಆಗುತ್ತಿರಲಿಲ್ಲ. ಈ ಸಲ ಖರೀದಿದಾರನ ಸ್ವರೂಪವೇ ಬೇರೆಯಿತ್ತು. 1901ರಲ್ಲಿ ಹುಟ್ಟಿದ ಯಹೂದಿ ರಾಷ್ಟ್ರೀಯ ನಿಧಿಯ ನಿಯಮದಂತೆ, ಕೊಂಡ ಭೂಮಿಯನ್ನು ಮತ್ತೆ ಮಾರುವಂತಿಲ್ಲ, ಯಹೂದಿಗಳಿಗೆ ಮಾತ್ರ ಗುತ್ತಿಗೆಗೆ ಕೊಡಬೇಕು. ಆ ನೆಲದಲ್ಲಿ ದುಡಿಯುವವರೂ ಯಹೂದಿಗಳೇ ಆಗಿರಬೇಕೆಂಬ ಚಳವಳಿಯೂ ಜೊತೆಗಿತ್ತು. ಆದ್ದರಿಂದ ಮಾರಾಟ ಮುಗಿದ ಮೇಲೆ ರೈತ ಒಂದಿಷ್ಟು ಪರಿಹಾರ ಪಡೆದು ಊರನ್ನೇ ಬಿಡಬೇಕಾಯಿತು. ಕ್ರಯಪತ್ರದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಅನ್ಯಾಯ ಅದಕ್ಕಿಂತ ಹಿಂದೆಯೇ ನಡೆದುಹೋಗಿತ್ತು. ಇಡೀ ವಿಷಯದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ.

ಹಾಗೆಂದು ಕೊಂಡವರನ್ನು ದುರಾಸೆಯ ಜನ ಎಂದು ಬರೆದರೆ ಅರ್ಧ ಸತ್ಯವೂ ಆಗದು. 1881ರಿಂದ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳ ಮನೆ, ಅಂಗಡಿಗಳ ಮೇಲೆ ದಾಳಿಗಳು ನಡೆದವು. 1897ರಲ್ಲಿ ಬಾಸೆಲ್‌ನಲ್ಲಿ ಥಿಯೋಡರ್ ಹರ್ಜಲ್ ಮೊದಲ ಜಿಯೋನಿಸ್ಟ್ ಸಮ್ಮೇಳನ, ಅಂದರೆ ಯಹೂದಿಗಳಿಗೆ ಪ್ಯಾಲೆಸ್ಟೀನ್‌ನಲ್ಲಿ ನೆಲೆ ಬೇಕೆನ್ನುವವರ ಸಮ್ಮೇಳನ, ಕರೆದರು. 1924ರಲ್ಲಿ ಅಮೆರಿಕ ವಲಸೆಯ ಬಾಗಿಲನ್ನು ಬಹುಪಾಲು ಮುಚ್ಚಿತು, 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಮುಂದೆ ನಾಜಿಗಳು ಅರವತ್ತು ಲಕ್ಷ ಯಹೂದಿಗಳನ್ನು ಕೊಂದರು. ಆ ಬಯಲಿಗೆ ಬಂದಿಳಿದವರಲ್ಲಿ ಅನೇಕರಿಗೆ ಹಿಂದಿರುಗಲು ಮನೆಯೇ ಇರಲಿಲ್ಲ.

ನಡುವೆ ಬ್ರಿಟಿಷರು ಬಂದರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ತುರ್ಕರಿಂದ ಬಿಡಿಸಿದವರಲ್ಲಿ ಜೋಧಪುರದವರೊಂದಿಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಅದಕ್ಕೂ ಮೊದಲೇ, 1917ರ ನವೆಂಬರ್ 2ರಂದು, ಬ್ರಿಟಿಷ್ ವಿದೇಶಾಂಗ ಸಚಿವರ ಪತ್ರವಾಗಿ ಬಾಲ್ಫರ್ ಘೋಷಣೆ ಹೊರಟಿತ್ತು. ಅದನ್ನು ಪದಪದವಾಗಿ ಓದಿ. ಯಹೂದಿಗಳಿಗೆ 'ರಾಷ್ಟ್ರೀಯ ನೆಲೆ' ಎಂಬ ಮಾತಿದೆ. ಅರಬ್ಬರ ಹೆಸರೇ ಇಲ್ಲ. ಆಗ ಬಹುಸಂಖ್ಯಾತರಾಗಿದ್ದ ಅವರು ಅಲ್ಲಿ 'ಯಹೂದ್ಯೇತರ ಸಮುದಾಯಗಳು'. ಅವರಿಗೆ ನಾಗರಿಕ, ಧಾರ್ಮಿಕ ಹಕ್ಕುಗಳ ಭರವಸೆಯಿದೆ, ರಾಜಕೀಯ ಹಕ್ಕಿನ ಸುಳಿವಿಲ್ಲ.

1929ರಲ್ಲಿ ಹೆಬ್ರಾನ್‌ನಲ್ಲಿ 67 ಯಹೂದಿಗಳ ಹತ್ಯೆಯಾಯಿತು. ಕೆಲವು ಅರಬ್ ಕುಟುಂಬಗಳು ನೆರೆಯವರನ್ನು ಮನೆಯೊಳಗೆ ಬಚ್ಚಿಟ್ಟು ಉಳಿಸಿದವು. 1936ರಿಂದ 1939ರವರೆಗೆ ಅರಬ್ ದಂಗೆ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ 33–13 ಮತಗಳಿಂದ ವಿಭಜನೆಗೆ ಒಪ್ಪಿತು, ಭಾರತ ವಿರೋಧವಾಗಿ ಮತ ಹಾಕಿತು. ಆಗ ಯಹೂದಿಗಳು ಜನಸಂಖ್ಯೆಯ ಮೂರನೆಯ ಒಂದು ಭಾಗ. ಅವರ ಒಡೆತನದ ಭೂಮಿ ಶೇ. 7ರಷ್ಟು, ಅವರ ರಾಜ್ಯಕ್ಕೆ ಗುರುತಿಸಿದ್ದು ಶೇ. 55ರಷ್ಟು. ಯಹೂದಿ ನಾಯಕತ್ವ ಒಪ್ಪಿತು, ಅರಬ್ ನಾಯಕತ್ವ ತಿರಸ್ಕರಿಸಿತು. ಯುದ್ಧ ಶುರುವಾಯಿತು, 1948ರಲ್ಲಿ ಇಸ್ರೇಲ್ ಹುಟ್ಟಿತು. ಯುದ್ಧ ಮುಗಿದಾಗ ಇಸ್ರೇಲ್ ಕೈಯಲ್ಲಿ ಶೇ. 78ರಷ್ಟು ನೆಲವಿತ್ತು, ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ನಿರಾಶ್ರಿತರಾಗಿದ್ದರು. ಇದನ್ನೇ ಅವರು ನಕ್ಬಾ, ಅಂದರೆ ಮಹಾದುರಂತ, ಎನ್ನುತ್ತಾರೆ. ನಂತರದ ವರ್ಷಗಳಲ್ಲಿ ಇರಾಕ್, ಯೆಮೆನ್, ಮೊರಾಕೊಗಳಿಂದ ಲಕ್ಷಾಂತರ ಯಹೂದಿಗಳೂ ನೆಲೆ ಕಳೆದುಕೊಂಡು ಇಸ್ರೇಲಿಗೆ ಬಂದರು.

1950ರ 'ಗೈರುಹಾಜರಾದವರ ಆಸ್ತಿ ಕಾನೂನು' ಊರು ಬಿಟ್ಟವರ ಹೊಲಮನೆಗಳನ್ನು ಸರ್ಕಾರಿ ಪಾಲಕರಿಗೆ ಒಪ್ಪಿಸಿತು. ನೂರಾರು ಹಳ್ಳಿಗಳು ನೆಲಸಮವಾದವು. ಅವುಗಳ ಗುರುತಾಗಿ ಇಂದಿಗೂ ಅಲ್ಲಲ್ಲಿ ಉಳಿದಿರುವುದು ಬೇಲಿಯ ಪಾಪಾಸುಕಳ್ಳಿ. ಕಡಿದರೂ ಅದು ಮತ್ತೆ ಚಿಗುರುತ್ತದೆ. ಅರಬ್ಬಿಯಲ್ಲಿ ಅದರ ಹೆಸರು ಸಬ್ರ್, ತಾಳ್ಮೆಗೂ ಅದೇ ಪದ. ಹೀಬ್ರೂವಿನಲ್ಲಿ ಅದು ತ್ಸಬಾರ್. ಆ ನೆಲದಲ್ಲೇ ಹುಟ್ಟಿದ ಯಹೂದಿಯನ್ನು ಕರೆಯುವ 'ಸಬ್ರಾ' ಎಂಬ ಹೆಸರೂ ಅದೇ ಗಿಡದಿಂದ ಬಂದದ್ದು. ಒಂದೇ ಕಳ್ಳಿಯನ್ನು ಇಬ್ಬರೂ ತಮ್ಮ ಗುರುತೆನ್ನುತ್ತಾರೆ.

1967ರ ಯುದ್ಧದಲ್ಲಿ ಜೋರ್ಡನ್ ನದಿಯ ಪಶ್ಚಿಮ ದಂಡೆ, ಗಾಜಾ, ಗೋಲನ್, ಸಿನಾಯ್ ಇಸ್ರೇಲಿನ ವಶವಾದವು. ಸಿನಾಯ್ ಈಜಿಪ್ಟಿಗೆ ಮರಳಿತು. ಪಶ್ಚಿಮ ದಂಡೆಯ ಕಥೆ ನಮ್ಮನ್ನು ಮತ್ತೆ 1858ಕ್ಕೆ ಒಯ್ಯುತ್ತದೆ. ಅಲ್ಲಿ ಯಹೂದಿ ವಸಾಹತು ಕಟ್ಟಲು ಅರಬ್ಬರ ಖಾಸಗಿ ಜಮೀನನ್ನು ವಶಪಡಿಸಿಕೊಂಡದ್ದನ್ನು ಎಲೋನ್ ಮೊರೆ ಪ್ರಕರಣದಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ 1979ರಲ್ಲಿ ತಳ್ಳಿಹಾಕಿತು. ಅಲ್ಲಿಂದ ಮುಂದೆ ಅಧಿಕಾರಿಗಳು ಒಟ್ಟೋಮನ್ ಕಾನೂನಿನ ಮೊರೆಹೋದರು. ನೋಂದಣಿಯಿಲ್ಲದೆ, ಉಳುಮೆಯೂ ಇಲ್ಲದೆ ಬಿದ್ದ ಭೂಮಿ ಸರ್ಕಾರದ್ದು ಎಂಬ ಹಳೆಯ ನಿಯಮವನ್ನು ಮುಂದಿಟ್ಟು, ಗುಡ್ಡದ ಮೇಲೆ ಗುಡ್ಡವನ್ನು 'ಸರ್ಕಾರಿ ಭೂಮಿ' ಎಂದು ಘೋಷಿಸಿದರು. ರೈತ ಅದನ್ನು ಪ್ರಶ್ನಿಸಿದರೆ, ಹಿಂದಿನ ವರ್ಷಗಳಲ್ಲಿ ವಿಮಾನದಿಂದ ತೆಗೆದ ಚಿತ್ರಗಳು ಸಾಕ್ಷಿಯಾಗಿ ಬರುತ್ತವೆ. ಬಂಡೆಗಳ ನಡುವಿನ ಮಣ್ಣು ಉತ್ತದ್ದೋ ಬೀಳು ಬಿಟ್ಟದ್ದೋ ಎಂದು ಅದರಲ್ಲಿ ನೋಡುತ್ತಾರೆ. ಆದ್ದರಿಂದಲೇ ಇಳುವರಿ ಅಷ್ಟಕ್ಕಷ್ಟೇ ಇರುವ ಕಲ್ಲು ಇಳಿಜಾರಿನಲ್ಲೂ ರೈತರು ಆಲಿವ್ ಸಸಿ ನೆಡುತ್ತಾರೆ.