ಸೊಂಟದ ಕೀಲು: ಬೆಲೆಚೀಟಿಯಲ್ಲಿ ಇಲ್ಲದ ಇತಿಹಾಸ

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಎಲುಬು-ಕೀಲು ವಿಭಾಗದ ಹೊರಗೆ, ರೋಣ ಕಡೆಯಿಂದ ಬಂದ ಯುವಕನೊಬ್ಬ ಕೈಯಲ್ಲಿ ಕೃತಕ ಸೊಂಟದ ಕೀಲಿನ ಬೆಲೆಚೀಟಿಯೊಂದನ್ನು ಹಿಡಿದು ಕುಳಿತಿದ್ದ. ಅದರಲ್ಲಿ ಮೂರೇ ಸಾಲು: ಇಂಡಿಯನ್, ಇಂಪೋರ್ಟೆಡ್, ಇಂಪೋರ್ಟೆಡ್ ಸಿರಾಮಿಕ್. ಪ್ರತಿ ಸಾಲಿನ ಮುಂದೆ ಒಂದೊಂದು ಮೊತ್ತ. ಸೊಂಟದ ಕೀಲು ಸವೆದು ಕೋಲು ಹಿಡಿದೇ ಓಡಾಡುತ್ತಿದ್ದ ಅವನ ತಾಯಿಗೆ ಆ ಚೀಟಿಯ ಗೊಡವೆಯೇ ಇರಲಿಲ್ಲ. "ನೆಲದ ಮ್ಯಾಲ ಕುಂತು ರೊಟ್ಟಿ ಬಡ್ಯಾಕ ಆಗ್ತದೇನು, ಅದನ್ನ ಕೇಳಪಾ" ಎಂಬುದೊಂದೇ ಅವರ ಮಾತು. ಯಾವ ಇಂಪ್ಲಾಂಟ್, ಅಂದರೆ ದೇಹದೊಳಗೆ ಕೂಡಿಸುವ ಕೃತಕ ಕೀಲು, ಸರಿ ಎಂಬ ವಿಚಾರಕ್ಕೆ ಮಗನ ಚೀಟಿಗಿಂತ ತಾಯಿಯ ಈ ಪ್ರಶ್ನೆಯೇ ಹತ್ತಿರವಾದದ್ದು. ಚೀಟಿಯಲ್ಲಿದ್ದದ್ದು ತಯಾರಾದ ದೇಶ ಮತ್ತು ದರ. ಆ ಕೀಲು ಯಾರಿಗಾಗಿ, ಯಾವ ಮಾದರಿಯದು, ಎಷ್ಟು ವರ್ಷ ಬಾಳಿದ ದಾಖಲೆಯುಳ್ಳದ್ದು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಸೊಂಟದ ಕೀಲೆಂದರೆ ಒಂದು ಒರಳು, ಅದರೊಳಗೊಂದು ಗುಂಡು. ಒರಳಿನ ಜಾಗದಲ್ಲಿ ಕಪ್, ಅದರೊಳಗೆ ಲೈನರ್, ಗುಂಡಿನ ಜಾಗದಲ್ಲಿ ಹೆಡ್, ಅದನ್ನು ಹೊತ್ತು ತೊಡೆಯ ಎಲುಬಿನೊಳಗೆ ಇಳಿಯುವ ಸ್ಟೆಮ್: ಕೃತಕ ಕೀಲಿನ ಭಾಗಗಳು ಇಷ್ಟೇ. ಇವುಗಳನ್ನು ಯಾವುದರಿಂದ ಮಾಡಬೇಕೆಂಬ ಹುಡುಕಾಟಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. 1890ರ ಸುಮಾರಿಗೆ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಆನೆಯ ದಂತದಿಂದ ಕೀಲುಗಳನ್ನು ಮಾಡಿದರು. ಅಮೆರಿಕದ ಬಾಸ್ಟನ್ನಿನಲ್ಲಿ ಸ್ಮಿತ್-ಪೀಟರ್ಸನ್ 1920ರ ದಶಕದಲ್ಲಿ ಗಾಜಿನ ಟೊಪ್ಪಿಗೆಯನ್ನು ಎಲುಬಿನ ಗುಂಡಿನ ಮೇಲೆ ತೊಡಿಸಿದರು. ಗಾಜು ಮೈಭಾರ ತಾಳದೆ ಒಡೆಯಿತು, ಕೊನೆಗೆ ಅವರು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಕ್ಕೆ ಬಂದರು. 1946ರಲ್ಲಿ ಪ್ಯಾರಿಸ್ಸಿನ ಜ್ಯೂಡೆ ಸಹೋದರರು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಗುಂಡು ಕೂಡಿಸಿದರು, ಅದು ಬೇಗ ಸವೆಯಿತು. ಇದೇ ಕಾಲದಲ್ಲಿ ಅಮೆರಿಕದ ಆಸ್ಟಿನ್ ಮೂರ್ ರೂಪಿಸಿದ, ಗುಂಡನ್ನು ಮಾತ್ರ ಬದಲಿಸುವ ಲೋಹದ ಇಂಪ್ಲಾಂಟ್ ಬಹುಕಾಲ ಬಾಳಿತು. ಬಿದ್ದು ತೊಡೆಯ ಎಲುಬಿನ ಕುತ್ತಿಗೆ ಮುರಿದುಕೊಂಡ ಮುಪ್ಪಿನವರಿಗೆ ಇಂದಿಗೂ ಅದನ್ನೋ ಅದರ ಮುಂದಿನ ಪೀಳಿಗೆಯ, ಎರಡು ಕಡೆ ತಿರುಗುವ ಬೈಪೋಲಾರ್ ಇಂಪ್ಲಾಂಟನ್ನೋ ಹಾಕುವುದುಂಟು.

ಇಂದಿನ ಕೀಲಿನ ನಿಜವಾದ ಕಥೆ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿಯವರದು. ಇದನ್ನು ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ಇಂಪ್ಲಾಂಟ್ ಆಯ್ಕೆಯ ಇಂದಿನ ತತ್ವಗಳು ಬಹುಪಾಲು ಹುಟ್ಟಿದ್ದು ಅವರ ಸೋಲಿನಲ್ಲಿ. 1950ರ ದಶಕದ ಕೊನೆಯಲ್ಲಿ ಅವರು ಟೆಫ್ಲಾನ್ ಎಂಬ ಪ್ಲಾಸ್ಟಿಕ್ಕಿನಿಂದ ಕಪ್ ಮಾಡಿದರು. ಅದು ನುಣುಪಾಗಿತ್ತು, ರೋಗಿಗಳು ನೋವಿಲ್ಲದೆ ನಡೆದರು, ಸುಮಾರು 300 ಜನರಿಗೆ ಅದನ್ನೇ ಹಾಕಿಯೂ ಆಯಿತು. ಆದರೆ ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಪುಡಿಪುಡಿಯಾಗಿ, ಆ ಪುಡಿಗೆ ದೇಹ ತಿರುಗಿಬಿದ್ದು, ಕೀಲುಗಳು ಒಂದರ ಹಿಂದೊಂದು ಸಡಿಲಾದವು. ಚಾರ್ನ್ಲಿ ಆ ಪುಡಿಯನ್ನು ತಮ್ಮ ತೊಡೆಗೇ ಚುಚ್ಚಿಕೊಂಡು ಅದು ಮಾಡುವ ಬಾಧೆಯನ್ನು ಪರೀಕ್ಷಿಸಿದರು. 1962ರಲ್ಲಿ ಯಂತ್ರಗಳ ಗೇರುಗಳಿಗೆ ಬಳಸುತ್ತಿದ್ದ ಗಟ್ಟಿ ಪಾಲಿಥೀನಿನ ತುಂಡೊಂದು ವ್ಯಾಪಾರಿಯೊಬ್ಬನ ಮೂಲಕ ಅವರ ಪ್ರಯೋಗಾಲಯಕ್ಕೆ ಬಂತು. ವಾರಗಟ್ಟಲೆ ಉಜ್ಜಿದರೂ ಅದು ಸವೆದದ್ದು ಅತ್ಯಲ್ಪ. ಅದೇ ವರ್ಷ ನವೆಂಬರಿನಲ್ಲಿ ಪಾಲಿಥೀನಿನ ಕಪ್, 22 ಮಿಲಿಮೀಟರಿನ ಸಣ್ಣ ಲೋಹದ ಹೆಡ್ಡು, ಎರಡನ್ನೂ ಎಲುಬಿಗೆ ಹಿಡಿದು ನಿಲ್ಲಿಸುವ ಅಕ್ರಿಲಿಕ್ ಸಿಮೆಂಟು, ಈ ಮೂರನ್ನು ಕೂಡಿಸಿ ಅವರು ಮಾಡಿದ ಕೀಲು ಮುಂದಿನ ಎಲ್ಲಕ್ಕೂ ಮೂಲಮಾದರಿಯಾಯಿತು. ಈ ಸಿಮೆಂಟು ಅಂಟಲ್ಲ. ಕಲ್ಲಿನ ಗೋಡೆಯ ಸಂದಿಗೆ ತುಂಬುವ ಗಚ್ಚಿನಂತೆ ಎಲುಬಿನ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು ಸ್ಟೆಮ್ಮನ್ನು ಬಿಗಿಯಾಗಿ ಹಿಡಿಯುತ್ತದೆ.

ಆದರೂ ಪುಡಿಯ ಕಾಟ ಮುಗಿಯಲಿಲ್ಲ. ಬೀಸುವ ಕಲ್ಲು ಎಷ್ಟೇ ಗಟ್ಟಿಯಿದ್ದರೂ ಹಿಟ್ಟಿಗೆ ಕಲ್ಲಿನ ಕಣ ಬೀಳುವುದು ತಪ್ಪದಂತೆ, ಪಾಲಿಥೀನಿನ ಸೂಕ್ಷ್ಮ ಕಣಗಳನ್ನು ನುಂಗಿದ ರಕ್ಷಕ ಕೋಶಗಳು ಸುತ್ತಲಿನ ಎಲುಬನ್ನೇ ಕರಗಿಸುತ್ತವೆ ಎಂಬುದು ನಿಧಾನವಾಗಿ ತಿಳಿಯಿತು. ಅಲ್ಲಿಂದ ದಾರಿಗಳು ಒಡೆದವು. 1970ರಲ್ಲಿ ಫ್ರಾನ್ಸಿನ ಪಿಯರ್ ಬೂಟಿನ್ ಪಿಂಗಾಣಿಯಂಥ ಗಟ್ಟಿ ವಸ್ತುವಾದ ಸಿರಾಮಿಕ್ಕಿನ ಕೀಲು ಹಾಕಿದರು. ಸಿಮೆಂಟಿಲ್ಲದೆ, ಒರಟು ಮೇಲ್ಮೈಯೊಳಗೆ ಎಲುಬೇ ಬೆಳೆದು ಹಿಡಿಯುವಂಥ ಸ್ಟೆಮ್ ಮತ್ತು ಕಪ್ಪುಗಳು ಬಂದವು. 1990ರ ದಶಕದ ಕೊನೆಗೆ ಬಂದ, ವಿಕಿರಣದಿಂದ ಗಟ್ಟಿಗೊಳಿಸಿದ ಹೊಸ ಪಾಲಿಥೀನ್ ಸವೆತವನ್ನು ಬಹಳ ಮಟ್ಟಿಗೆ ತಗ್ಗಿಸಿತು. ನನ್ನ ದೃಷ್ಟಿಯಲ್ಲಿ ಚಾರ್ನ್ಲಿಯ ನಂತರದ ದೊಡ್ಡ ಹೆಜ್ಜೆ ಇದು; ಆದರೆ ಸಿರಾಮಿಕ್ ಎಂಬ ಪದಕ್ಕಿರುವ ಮೆರುಗು ಇದಕ್ಕಿಲ್ಲದ್ದರಿಂದ ರೋಗಿಗಳ ಕಿವಿಗೆ ಇದರ ಹೆಸರು ಬೀಳುವುದೇ ಕಡಿಮೆ.

ಇನ್ನೊಂದು ದಾರಿ ದುರಂತಕ್ಕೆ ಹೋಯಿತು. ಲೋಹದ ಕಪ್ಪಿನಲ್ಲಿ ಲೋಹದ ದೊಡ್ಡ ಹೆಡ್ ಕೂಡಿಸಿದರೆ ಸವೆತವೂ ಕಡಿಮೆ, ಕೀಲು ಜಾರುವ ಭಯವೂ ಕಡಿಮೆ ಎಂಬ ಲೆಕ್ಕದ ಮೇಲೆ ಬಂದ ಮಾದರಿಗಳಲ್ಲಿ ಡಿಪ್ಯೂ ಕಂಪನಿಯ ಎಎಸ್‌ಆರ್ ಒಂದು. ಅದರ ಕಪ್ಪು ಅರ್ಧಗೋಳಕ್ಕಿಂತ ಆಳ ಕಡಿಮೆಯದು. ತುಸು ಓರೆಯಾಗಿ ಕೂತರೂ ಅಂಚಿನ ಮೇಲೆ ಭಾರ ಬಿದ್ದು, ಕೋಬಾಲ್ಟ್ ಮತ್ತು ಕ್ರೋಮಿಯಂ ರಕ್ತಕ್ಕೆ ಸೇರಿ, ಸುತ್ತಲಿನ ಮಾಂಸವೇ ಹಾಳಾಗುತ್ತಿತ್ತು. 2010ರ ಆಗಸ್ಟಿನಲ್ಲಿ ಕಂಪನಿ ಜಗತ್ತಿನಾದ್ಯಂತ ಅದನ್ನು ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಸುಮಾರು 93,000 ಜನರಿಗೆ ಅದನ್ನು ಹಾಕಿಯಾಗಿತ್ತು, ಅವರಲ್ಲಿ ಸುಮಾರು 4,700 ಜನ ಭಾರತದವರು. ಇದರ ದೋಷ ಮೊದಲು ಎದ್ದು ಕಂಡದ್ದು ಆಸ್ಟ್ರೇಲಿಯ ಮತ್ತು ಬ್ರಿಟನ್ನುಗಳು ಪ್ರತಿ ಕೀಲಿನ ಲೆಕ್ಕ ಇಡುವ ರಾಷ್ಟ್ರೀಯ ದಾಖಲೆ ಪುಸ್ತಕಗಳಲ್ಲಿ. ಸ್ವೀಡನ್ ಅಂಥ ಲೆಕ್ಕವನ್ನು 1979ರಲ್ಲೇ ಆರಂಭಿಸಿತ್ತು. ಬ್ರಿಟನ್ನಿನಲ್ಲಿ 2014ರಿಂದೀಚೆಗೆ, ಹತ್ತು ವರ್ಷದೊಳಗೆ ನೂರಕ್ಕೆ ಐದಕ್ಕಿಂತ ಹೆಚ್ಚು ಮರುಶಸ್ತ್ರಚಿಕಿತ್ಸೆ ಬೇಡದ ಮಾದರಿಯನ್ನೇ ಆರಿಸಬೇಕೆಂಬ ಅಳತೆಗೋಲು ಇದೆ. ಹೊಸದು ಎಂಬುದೇ ಇಂಪ್ಲಾಂಟಿಗೆ ಗುಣವಾಗಲಾರದು ಎಂಬ ಎಚ್ಚರ ಅದರ ಹಿಂದಿದೆ.

ಈ ಹಿನ್ನೆಲೆಯಲ್ಲಿ ಚೀಟಿಯ ಮೂರು ಸಾಲನ್ನು ಮತ್ತೆ ಓದಬೇಕು. ಎಪ್ಪತ್ತೈದು ದಾಟಿದ, ಎಲುಬು ಟೊಳ್ಳಾದ, ಮನೆಯಂಗಳದಲ್ಲಿ ಓಡಾಡಿದರೆ ಸಾಕೆನ್ನುವ ಹಿರಿಯರಿಗೆ ಸಿಮೆಂಟ್ ಹಾಕಿ ಕೂಡಿಸಿದ ಸ್ಟೆಮ್ ಹೆಚ್ಚು ಭದ್ರ. ಟೊಳ್ಳು ಎಲುಬಿಗೆ ಸಿಮೆಂಟಿಲ್ಲದ ಸ್ಟೆಮ್ಮನ್ನು ಬಡಿದು ಇಳಿಸುವಾಗ ಎಲುಬು ಸೀಳುವ ಅಪಾಯವಿದೆ. ಸಿಮೆಂಟ್ ತುಂಬುವ ಗಳಿಗೆಯಲ್ಲಿ ಕೆಲವರ ರಕ್ತದೊತ್ತಡ ಕುಸಿಯುವುದುಂಟಾದ್ದರಿಂದ ಹೃದಯದ ತೊಂದರೆಯಿರುವವರ ಬಗ್ಗೆ ಅರಿವಳಿಕೆ ತಜ್ಞರ ಮಾತನ್ನೂ ಕೇಳಬೇಕಾಗುತ್ತದೆ. ಇತ್ತ ಸ್ಟೀರಾಯ್ಡ್ ಔಷಧವೋ ಮದ್ಯವೋ ಕಾರಣವಾಗಿ ತೊಡೆಯೆಲುಬಿನ ಗುಂಡಿನ ಭಾಗಕ್ಕೆ ರಕ್ತ ಹರಿಯುವುದು ನಿಂತು ಆ ಎಲುಬು ಸತ್ತ ಮೂವತ್ತೈದರ ಯುವಕನ ವಿಷಯವೇ ಬೇರೆ. ಅವನ ಕೀಲು ಇನ್ನೂ ನಾಲ್ಕು ದಶಕ ದುಡಿಯಬೇಕು, ಆದರೆ ಇಪ್ಪತ್ತೈದು ವರ್ಷ ಬಾಳುವ ಕೀಲುಗಳು ನೂರರಲ್ಲಿ ಸುಮಾರು 58 ಎಂಬುದು ವಿದೇಶಗಳ ದಾಖಲೆಗಳಿಂದ ತಿಳಿದ ಲೆಕ್ಕ. ಅಂಥವನಿಗೆ ಸಿಮೆಂಟಿಲ್ಲದ ಕಪ್ಪು-ಸ್ಟೆಮ್ಮು, ಸಿರಾಮಿಕ್ ಹೆಡ್ಡು, ಗಟ್ಟಿಗೊಳಿಸಿದ ಪಾಲಿಥೀನ್ ಲೈನರ್ ಒಪ್ಪುತ್ತದೆ. ಲೈನರೂ ಸಿರಾಮಿಕ್ಕಿನದೇ ಆದರೆ ಸವೆತ ಇನ್ನೂ ಕಡಿಮೆ. ಆದರೆ ಅಪರೂಪಕ್ಕೆ ಅದು ಕೀಚಲು ಸದ್ದು ಮಾಡುತ್ತದೆ, ಇನ್ನೂ ಅಪರೂಪಕ್ಕೆ ಒಡೆಯುತ್ತದೆ.

ತಾಯಿಯ ಪ್ರಶ್ನೆಗೆ ಉತ್ತರವಿರುವುದು ಹೆಡ್ಡಿನ ಅಳತೆಯಲ್ಲಿ ಮತ್ತು ಸರ್ಜನ್ನರ ಕೈಯಲ್ಲಿ. ಸೊಂಟ ಪೂರ್ತಿ ಮಡಚಿ, ಮಂಡಿ ಒಳಕ್ಕೆ ತಿರುಗಿದಾಗ ಕೀಲು ಹಿಂದಕ್ಕೆ ಜಾರುವ ಸಂಭವ ಹೆಚ್ಚು. 32 ಅಥವಾ 36 ಮಿಲಿಮೀಟರಿನ ಹೆಡ್ ಚಾರ್ನ್ಲಿಯ 22ಕ್ಕಿಂತ ಸುಲಭವಾಗಿ ಜಾರದು. ಆದರೆ ಸಣ್ಣ ಮೈಕಟ್ಟಿನ ನಮ್ಮ ಹೆಣ್ಣುಮಕ್ಕಳ ಸಣ್ಣ ಕಪ್ಪಿನಲ್ಲಿ ದೊಡ್ಡ ಹೆಡ್ ಹಿಡಿಸಲು ಲೈನರನ್ನು ತೆಳುವಾಗಿಸಬೇಕಾಗುತ್ತದೆ. ಜಾರುವ ಭಯ ಹೆಚ್ಚಿದ್ದವರಿಗೆ ಫ್ರಾನ್ಸಿನಲ್ಲಿ 1970ರ ದಶಕದಲ್ಲಿ ಹುಟ್ಟಿದ, ಗುಂಡಿನೊಳಗೆ ಗುಂಡು ತಿರುಗುವ ಡ್ಯುಯಲ್ ಮೊಬಿಲಿಟಿ ಕಪ್ ಇದೆ. ಇಷ್ಟಾದರೂ ರೊಟ್ಟಿಯನ್ನು ಕಟ್ಟೆಯ ಮೇಲೆ, ನಿಂತು ಬಡಿಯುವುದೇ ಮೇಲೆಂದು ಅಂದು ಡಾಕ್ಟರು ಹೇಳಿದರು. ಆ ತಾಯಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ದರದ ಬಗ್ಗೆ ಒಂದು ಮಾತು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಬೆಲೆಮಿತಿ ಹಾಕಿದ್ದು ಮಂಡಿಯ ಇಂಪ್ಲಾಂಟಿಗೆ. ಎರಡೂ ಒಂದೇ ಎಂದುಕೊಂಡು ಸೊಂಟದ ಬಿಲ್ಲು ನೋಡಿ ಗಾಬರಿಯಾಗುವವರಿದ್ದಾರೆ. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಯಲ್ಲಿ ದರ ಮೊದಲೇ ಗೊತ್ತುಪಡಿಸಿದ್ದು. ಅಲ್ಲಿಯೂ ಮಾದರಿಯ ಹೆಸರು ಕೇಳಲು ಅಡ್ಡಿಯಿಲ್ಲ.

ಎಎಸ್‌ಆರ್ ಪ್ರಕರಣವನ್ನು ಪರಿಶೀಲಿಸಿದ ಕೇಂದ್ರದ ತಜ್ಞರ ಸಮಿತಿ ಪ್ರತಿ ಸಂತ್ರಸ್ತರಿಗೆ ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರ ಕೊಡಿಸಬೇಕೆಂದಿತು. ಆದರೆ ಸುಮಾರು 3,600 ಜನ ಎಲ್ಲಿದ್ದಾರೆಂದೇ ಪತ್ತೆಯಾಗಲಿಲ್ಲ. ತಮ್ಮೊಳಗೆ ಯಾವ ಕೀಲಿದೆ ಎಂಬುದಕ್ಕೆ ಕಾಗದವಿಲ್ಲದ ರೋಗಿಯನ್ನು ಹುಡುಕುವುದಾದರೂ ಹೇಗೆ? ಆಪರೇಷನ್ ದಿನ ಕಪ್ಪು, ಲೈನರು, ಹೆಡ್ಡು, ಸ್ಟೆಮ್ಮುಗಳ ಡಬ್ಬಿಗಳಿಂದ ಸ್ಟಿಕರುಗಳನ್ನು ಬಿಡಿಸಿ ಕೇಸ್ ಪೇಪರಿಗೆ ಅಂಟಿಸುತ್ತಾರೆ. ಮಾದರಿ, ಅಳತೆ, ಲಾಟ್ ನಂಬರು ಎಲ್ಲ ಅದರಲ್ಲಿರುತ್ತವೆ. ಇಪ್ಪತ್ತು ವರ್ಷದ ಮೇಲೆ ಲೈನರು, ಹೆಡ್ಡುಗಳನ್ನಷ್ಟೇ ಬದಲಿಸಬೇಕಾಗಿ ಬಂದರೆ, ಒಂದು ಕಂಪನಿಯ ಹೆಡ್ ಇನ್ನೊಂದರ ಸ್ಟೆಮ್ಮಿಗೆ ಸರಿಯಾಗಿ ಕೂಡದ ಕಾರಣ, ಅಂದಿನ ಸರ್ಜನ್ ಮೊದಲು ಕೇಳುವುದು ಆ ಸ್ಟಿಕರನ್ನೇ. ಡಿಸ್ಚಾರ್ಜ್ ಹೊತ್ತಿಗೆ ಅದರ ಪ್ರತಿ ಪಡೆದು, ರೇಷನ್ ಕಾರ್ಡು ಮತ್ತು ಹೊಲದ ಉತಾರ ಇಡುವ ಟ್ರಂಕಿನಲ್ಲೇ ಇಡುವಂತೆ ಆ ಯುವಕನಿಗೆ ಹೇಳಿದೆ. ಅವನು ಚೀಟಿಯನ್ನು ತಿರುವಿ, ಖಾಲಿಯಿದ್ದ ಹಿಂಬದಿಯಲ್ಲಿ ಅದನ್ನು ಬರೆದುಕೊಂಡ.